ಆರು ಗೂಡಿನ ಚೀಲ

ಭಯ ಹುಟ್ಟಿಸುವ ವಿಡಿಯೋ ಗೇಮ್ ಆಡುತ್ತಿರುವವರ ಪಕ್ಕ ಕೂತು, ಪರದೆಯನ್ನು ಬಿಟ್ಟು ಅವರ ಮುಖವನ್ನು ನೋಡಬೇಕು. ಕಿರುಚುವುದು, ಬೆಚ್ಚಿಬೀಳುವುದು ಆಗೊಮ್ಮೆ ಈಗೊಮ್ಮೆ ಅಷ್ಟೆ. ಉಳಿದ ಹೊತ್ತೆಲ್ಲ ಅವರು ಲೆಕ್ಕ ಹಾಕುತ್ತಿರುತ್ತಾರೆ. ಪಿಸ್ತೂಲಿನಲ್ಲಿ ಇನ್ನು ಏಳು ಗುಂಡುಗಳಿವೆ. ಮುಂದಿನ ಓಣಿಯಲ್ಲಿ ಎರಡು ಜೋಂಬಿಗಳಿವೆ. ಒಂದನ್ನು ಕೆಡವಲು ಐದಾರು ಗುಂಡಾದರೂ ಬೇಕು. ಹಾಗಾದರೆ ಒಂದಕ್ಕೆ ಗುಂಡು, ಇನ್ನೊಂದರ ಪಕ್ಕದಿಂದ ನುಸುಳಿ ಓಟ. ಗಾಯವಾದರೆ? ಮೂಲಿಕೆ ಒಂದೇ ಉಳಿದಿದೆ, ಅದನ್ನು ಈಗಲೇ ಮುಗಿಸಿದರೆ ಆಮೇಲೇನು? ತಿಂಗಳ ಇಪ್ಪತ್ತೈದನೇ ತಾರೀಖಿನ ಹೊತ್ತಿಗೆ ನಮ್ಮ ಮನೆಗಳಲ್ಲಿ ಅಮ್ಮಂದಿರು ಒಂದೊಂದೇ ಡಬ್ಬಿ ತೆಗೆದು ನೋಡುತ್ತಿದ್ದರಲ್ಲ, ಅದೇ ಮುಖ. ಸಂಸಾರ ತೂಗಿಸುವವರ ಮುಖ.

ಸರ್ವೈವಲ್ ಹಾರರ್ ಎಂದು ಕರೆಯಲಾಗುವ ಈ ಪ್ರಕಾರಕ್ಕೆ ಹೆಚ್ಚುಕಡಿಮೆ ಮೂವತ್ತೈದು ವರ್ಷಗಳ ಇತಿಹಾಸವಿದೆ. ಅದನ್ನು ಬರೆದವರು ಸಾಮಾನ್ಯವಾಗಿ ಅದರ ಭೂತಗಳ, ಜೋಂಬಿಗಳ, ಗ್ರಾಫಿಕ್ಸಿನ ಇತಿಹಾಸವನ್ನೇ ಬರೆದಿದ್ದಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬದುಕುಳಿಯುವ ಉಪಾಯಗಳ ಇತಿಹಾಸ. ಆಟಗಾರರು ಒಂದು ಉಪಾಯ ಕಂಡುಕೊಳ್ಳುತ್ತಾರೆ. ಮುಂದಿನ ಆಟ ಕಟ್ಟುವವರು ಸರಿಯಾಗಿ ಆ ಉಪಾಯವನ್ನೇ ಹುಡುಕಿ ಮುರಿಯುತ್ತಾರೆ. ಬೆಕ್ಕು ಇಲಿಯ ಈ ಜಗಳದಿಂದಲೇ ಪ್ರಕಾರ ಬೆಳೆದಿದೆ ಎಂದು ನನಗನ್ನಿಸುತ್ತದೆ.

ಮೊದಲ ಹೆಸರು 'ಸ್ವೀಟ್ ಹೋಮ್'. 1989ರ ಡಿಸೆಂಬರಿನಲ್ಲಿ ಕ್ಯಾಪ್‌ಕಾಮ್ ಕಂಪನಿ ಜಪಾನಿನಲ್ಲಿ ಮಾತ್ರ ಬಿಡುಗಡೆ ಮಾಡಿದ ಆಟ. ಅದೇ ವರ್ಷ ಬಂದ ಅದೇ ಹೆಸರಿನ ಸಿನಿಮಾ ಇದಕ್ಕೆ ಮೂಲ. ಅದರ ನಿರ್ದೇಶಕ ಕಿಯೊಶಿ ಕುರೊಸಾವಾ (ನಮಗೆಲ್ಲ ಗೊತ್ತಿರುವ ಅಕಿರಾ ಅಲ್ಲ, ಸಂಬಂಧಿಯೂ ಅಲ್ಲ). ಸತ್ತುಹೋದ ಚಿತ್ರಕಾರನೊಬ್ಬನ ಭಿತ್ತಿಚಿತ್ರಗಳನ್ನು ಹುಡುಕಿಕೊಂಡು ಐದು ಜನ ಪಾಳುಬಿದ್ದ ಬಂಗಲೆಗೆ ಹೋಗುತ್ತಾರೆ. ಒಬ್ಬರ ಬಳಿ ಲೈಟರ್, ಇನ್ನೊಬ್ಬರ ಬಳಿ ಔಷಧದ ಪೆಟ್ಟಿಗೆ, ಮತ್ತೊಬ್ಬರ ಬಳಿ ಕ್ಯಾಮೆರಾ, ಬೀಗದ ಕೈ ಒಬ್ಬರದು, ಕೊನೆಯವರದು ವ್ಯಾಕ್ಯೂಮ್ ಕ್ಲೀನರ್. ನಗಬೇಡಿ, ನೆಲದ ಮೇಲೆ ಚೆಲ್ಲಿದ ಗಾಜಿನ ಚೂರುಗಳನ್ನು ತೆಗೆಯದೆ ಮುಂದೆ ಹೋಗುವ ಹಾಗಿಲ್ಲ. ತಮ್ಮ ಆಯುಧ ಮತ್ತು ತಮ್ಮ ಸಾಧನ ಬಿಟ್ಟರೆ ಒಬ್ಬೊಬ್ಬರೂ ಹೊರಬಹುದಾದದ್ದು ಇನ್ನೆರಡೇ ವಸ್ತು. ಒಂದು ಗುಂಪಿನಲ್ಲಿ ಮೂವರಿಗಿಂತ ಹೆಚ್ಚು ಜನ ಸೇರುವಂತಿಲ್ಲ. ಸತ್ತವರು ಸತ್ತೇಹೋದರು, ಮತ್ತೆ ಎದ್ದು ಬರುವುದಿಲ್ಲ. ಅವರ ಸಾಧನದ ಕೆಲಸಕ್ಕೆ ಬೇರೆ ವಸ್ತು ಸಿಗುತ್ತದೆ, ಆದರೆ ಅದನ್ನು ಬದುಕಿದ್ದವರು ತಮ್ಮ ಎರಡು ಜಾಗಗಳಲ್ಲಿ ಒಂದನ್ನು ತೆರವು ಮಾಡಿ ಹೊರಬೇಕು. ಸಾವಿನ ಭಾರವನ್ನು ಇಷ್ಟು ಅಕ್ಷರಶಃ ಮಾಡಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ಕೊನೆಗೆ ಎಷ್ಟು ಜನ ಉಳಿದರು ಎನ್ನುವುದರ ಮೇಲೆ ಕಥೆಯ ಮುಕ್ತಾಯವೂ ಬದಲಾಗುತ್ತದೆ, ಒಟ್ಟು ಐದು ಬಗೆಯಲ್ಲಿ.

ಮೂರು ವರ್ಷಗಳ ನಂತರ, ಫ್ರಾನ್ಸಿನಲ್ಲಿ, ಫ್ರೆಡರಿಕ್ ರೇನಾಲ್ ಎಂಬಾತ 'ಅಲೋನ್ ಇನ್ ದ ಡಾರ್ಕ್' ಮಾಡಿದ. 1920ರ ದಶಕದ ಲೂಸಿಯಾನಾ, ಡರ್ಸೆಟೊ ಎಂಬ ಬಂಗಲೆ, ಆಟ ಶುರುವಾಗುವುದು ಅಟ್ಟದಲ್ಲಿ. ಸ್ವಲ್ಪ ಹೊತ್ತಿಗೆ ಕಿಟಕಿ ಒಡೆದುಕೊಂಡು ಒಂದು ಪ್ರಾಣಿ ನುಗ್ಗುತ್ತದೆ, ನೆಲದ ಮುಚ್ಚಳ ಎತ್ತಿಕೊಂಡು ಇನ್ನೊಂದು ಬರುತ್ತದೆ. ಹೊಸಬರು ಹೊಡೆದಾಡಿ ಅರ್ಧ ಜೀವ ಕಳೆದುಕೊಳ್ಳುತ್ತಾರೆ. ತಿಳಿದವರು ಬಂದೊಡನೆ ಬೀರುವನ್ನು ಕಿಟಕಿಗೆ ಅಡ್ಡ ತಳ್ಳುತ್ತಾರೆ, ಹಳೆಯ ಪೆಟ್ಟಿಗೆಯನ್ನು ಮುಚ್ಚಳದ ಮೇಲೆ ಎಳೆದಿಡುತ್ತಾರೆ. ಮುಗಿಯಿತು, ಯಾರೂ ಬರುವುದಿಲ್ಲ. ಹೊಡೆದಾಟವೇ ಆಗದಂತೆ ನೋಡಿಕೊಳ್ಳುವುದು ಗೆಲುವು ಎಂಬುದನ್ನು ಈ ಅಟ್ಟ ಮೊದಲ ನಿಮಿಷದಲ್ಲೇ ಕಲಿಸಿತು. ಇಷ್ಟು ಜಾಣತನ ಬಂತೆಂದು ಬಂಗಲೆಯ ಮುಂಬಾಗಿಲು ತೆಗೆದು ಹೊರಟುಬಿಡೋಣ ಎಂದರೆ ಹೊರಗೆ ಕಾದಿರುವುದು ನಿಮ್ಮನ್ನು ನುಂಗಿಹಾಕುತ್ತದೆ. ಅಲ್ಲಿನ ಗ್ರಂಥಾಲಯದ ಕೆಲವು ಪುಸ್ತಕಗಳನ್ನು ಓದಿದರೂ ಸಾವೇ. ಪುಸ್ತಕಪ್ರೇಮಿಗಳಿಗೆ ಇದು ಅನ್ಯಾಯ ಅನ್ನಿಸಬಹುದು.

ಈ ಎರಡು ಹೊಳೆಗಳು ಸೇರಿದ ಜಾಗ 'ರೆಸಿಡೆಂಟ್ ಈವಿಲ್'. ಜಪಾನಿನಲ್ಲಿ ಅದರ ಹೆಸರು 'ಬಯೋಹಜಾರ್ಡ್', ಬಿಡುಗಡೆಯಾದದ್ದು 1996ರ ಮಾರ್ಚ್ 22ರಂದು. 'ಸ್ವೀಟ್ ಹೋಮ್' ನಿರ್ದೇಶಿಸಿದ್ದ ತೊಕುರೊ ಫುಜಿವಾರಾ ಅದನ್ನೇ ಹೊಸ ಯಂತ್ರಕ್ಕೆ ಮತ್ತೆ ಮಾಡಬೇಕೆಂದು ಹೊರಟು, ಕೆಲಸವನ್ನು ಶಿಂಜಿ ಮಿಕಾಮಿ ಎಂಬ ಯುವಕನಿಗೆ ಒಪ್ಪಿಸಿದರು. ಮಿಕಾಮಿ ಅದುವರೆಗೆ ಮಾಡಿದ್ದು 'ಅಲ್ಲಾದೀನ್', 'ಗೂಫ್ ಟ್ರೂಪ್'ನಂಥ ಡಿಸ್ನಿ ಆಟಗಳು. ಆಟಗಾರನ ಕಣ್ಣಿನಿಂದಲೇ ಎಲ್ಲವೂ ಕಾಣುವ ಹಾಗೆ ಮಾಡಬೇಕೆಂಬುದು ಮೊದಲ ಯೋಜನೆ. ಪ್ಲೇಸ್ಟೇಷನ್ನಿಗೆ ಅಷ್ಟು ತಾಕತ್ತಿರಲಿಲ್ಲ. ಆಗ ಫ್ರೆಂಚ್ ಆಟದ ದಾರಿ ಹಿಡಿದರು: ಕೋಣೆಯ ಚಿತ್ರವನ್ನು ಮೊದಲೇ ಮಾಡಿಟ್ಟು, ಕ್ಯಾಮೆರಾವನ್ನು ಮೂಲೆಯಲ್ಲಿ ಕಟ್ಟಿಹಾಕಿ, ಅದರ ಮೇಲೆ ಮನುಷ್ಯರನ್ನು ನಡೆಸುವುದು. ತಿರುವಿನಾಚೆ ಏನಿದೆ ಎಂಬುದು ಪಾತ್ರಕ್ಕೆ ಕಾಣುತ್ತಿರಬೇಕು, ನಮಗೆ ಕಾಣುವುದಿಲ್ಲ. ನರಳುವ ಸದ್ದು ಮಾತ್ರ ಕೇಳಿಸುತ್ತದೆ. ಬಡತನಕ್ಕೆ ಹುಡುಕಿಕೊಂಡ ಪರಿಹಾರವೇ ಶೈಲಿಯಾಗಿಬಿಟ್ಟಿತು. ಸರ್ವೈವಲ್ ಹಾರರ್ ಎಂಬ ಮಾತೂ ಚಾಲ್ತಿಗೆ ಬಂದದ್ದು ಈ ಆಟದಿಂದಲೇ, ಆಟಗಾರನನ್ನು ಒಳಕ್ಕೆ ಸ್ವಾಗತಿಸುವ ಸಾಲಿನಲ್ಲಿ.

ಇಲ್ಲಿನ ಚೀಲದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಜಿಲ್ ವ್ಯಾಲೆಂಟೈನ್ ಆಗಿ ಆಡಿದರೆ ಎಂಟು ಗೂಡು, ಕ್ರಿಸ್ ರೆಡ್‌ಫೀಲ್ಡ್ ಆಗಿ ಆಡಿದರೆ ಆರೇ ಗೂಡು. ಪಿಸ್ತೂಲಿಗೆ ಒಂದು, ಗುಂಡಿಗೆ ಒಂದು, ಮೂಲಿಕೆಗೆ ಒಂದು, ಬೀಗದ ಕೈಗೆ ಒಂದು. ಉಳಿದ ಎರಡರಲ್ಲೇ ಇಡೀ ಬಂಗಲೆಯ ಒಗಟುಗಳನ್ನು ಬಿಡಿಸಬೇಕು. ಹೊಸಬರು ಚೀಲ ತುಂಬ ಆಯುಧ ತುಂಬಿಕೊಂಡು ಹೊರಡುತ್ತಾರೆ, ದೂರದ ಕೋಣೆಯಲ್ಲಿ ಬೇಕಾದ ಲಾಂಛನ ಸಿಕ್ಕಾಗ ಇಡಲು ಜಾಗವಿಲ್ಲದೆ ಅಷ್ಟೂ ಓಣಿಗಳನ್ನು ದಾಟಿ ವಾಪಸ್ಸು ಬರುತ್ತಾರೆ. ಅನುಭವಿಗಳು ಎರಡು ಗೂಡು ಖಾಲಿ ಬಿಟ್ಟುಕೊಂಡು ಹೊರಡುತ್ತಾರೆ. ಹಸಿರು ಮೂಲಿಕೆಯನ್ನು ಒಂಟಿಯಾಗಿ ತಿನ್ನುವುದಿಲ್ಲ, ಕೆಂಪು ಸಿಗುವವರೆಗೆ ಕಾಯುತ್ತಾರೆ. ಕೆಂಪು ಒಂದೇ ಆದರೆ ಏನೂ ಪ್ರಯೋಜನವಿಲ್ಲ, ಹಸಿರಿನ ಜೊತೆ ಬೆರೆತರೆ ಪೂರ್ತಿ ಚೇತರಿಕೆ, ಮೇಲಾಗಿ ಎರಡು ಗೂಡಿನ ವಸ್ತು ಒಂದು ಗೂಡಿಗೆ ಇಳಿಯುತ್ತದೆ. ಆಟವನ್ನು ಉಳಿಸಿಡಲು ಟೈಪ್‌ರೈಟರ್ ಇದೆ, ಅದಕ್ಕೆ ರಿಬ್ಬನ್ ಬೇಕು, ರಿಬ್ಬನ್ನಿಗೂ ಲೆಕ್ಕವಿದೆ. ನಿನ್ನೆಯನ್ನು ಕಾಪಾಡಿಕೊಳ್ಳುವುದಕ್ಕೂ ಇಲ್ಲಿ ಖರ್ಚು! ಒಂದು ಕೋಣೆಯ ಪೆಟ್ಟಿಗೆಯಲ್ಲಿಟ್ಟ ವಸ್ತು ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ ಸಿಗುತ್ತದಲ್ಲ, ಅದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಂಕಟದಲ್ಲಿರುವವರು ಅನುಕೂಲವನ್ನು ಪ್ರಶ್ನಿಸುವುದಿಲ್ಲ.

ಜೋಂಬಿಗಳ ವಿಷಯದಲ್ಲಿ ಆಟಗಾರರು ಕಂಡುಕೊಂಡ ಸೂತ್ರ ಇದು: ಎಲ್ಲರನ್ನೂ ಕೊಲ್ಲಬೇಡಿ. ದಿನಾ ಓಡಾಡುವ ಓಣಿಯನ್ನು ಮಾತ್ರ ಗುಡಿಸಿಟ್ಟುಕೊಳ್ಳಿ, ಒಮ್ಮೆ ಹೋಗಿ ಬರುವ ಕೋಣೆಯದನ್ನು ಅದರ ಪಾಡಿಗೆ ಬಿಟ್ಟು ಓಡಿ. ಸೈಬರ್ ಕೆಫೆಗಳ ಕಾಲದಲ್ಲಿ ಇಂಥ ಸೂತ್ರಗಳ ಪ್ರಿಂಟ್ ತೆಗೆಸಿ ಹಂಚಿಕೊಳ್ಳುತ್ತಿದ್ದ ಗೆಳೆಯರು ನನಗಿದ್ದರು. ಕೀಲಿಮಣೆಯ ಗೀಟು, ಚುಕ್ಕೆಗಳಲ್ಲೇ ಬಂಗಲೆಯ ನಕ್ಷೆ ಬರೆದಿರುತ್ತಿದ್ದ ಆ ಹಾಳೆಗಳನ್ನು ಬರೆದವರು ಯಾರೋ, ಯಾವ ದೇಶದವರೋ. ಯಾತ್ರಿಕರು ಹಿಂದಿನಿಂದ ಬರುವವರಿಗಾಗಿ ದಾರಿಯಲ್ಲಿ ಕಲ್ಲಿಟ್ಟು ಹೋದ ಹಾಗಿರುತ್ತಿತ್ತು.

ಆಟ ಇಷ್ಟು ಕಠಿಣವಾಗಿದ್ದಕ್ಕೆ ಕಲೆಯೊಂದೇ ಕಾರಣವಲ್ಲ. ಅಮೆರಿಕದಲ್ಲಿ ಆಗ ವಿಡಿಯೋ ಕ್ಯಾಸೆಟ್ಟುಗಳಂತೆ ಗೇಮುಗಳನ್ನೂ ಎರಡು ದಿನಕ್ಕೆ ಬಾಡಿಗೆ ತರಬಹುದಿತ್ತು. ವಾರಾಂತ್ಯದಲ್ಲಿ ಮುಗಿದುಹೋಗುವ ಆಟವನ್ನು ಯಾರು ಕೊಳ್ಳುತ್ತಾರೆ? ಅಲ್ಲಿಯ ಆವೃತ್ತಿಯಲ್ಲಿ ಗುರಿ ತಾನಾಗಿ ಹಿಡಿಯುವ ಸೌಲಭ್ಯವನ್ನು ತೆಗೆದು, ಕಷ್ಟವನ್ನು ಹೆಚ್ಚಿಸಿದರು. ಒಂದು ದೇಶದ ಬಾಡಿಗೆ ಅಂಗಡಿಗಳಿಗೆ ಹೆದರಿದ ಕಂಪನಿ ಲಕ್ಷಾಂತರ ಆಟಗಾರರನ್ನು ಇನ್ನಷ್ಟು ಹೆದರಿಸಿತು.

ಇನ್ನು ಬಾಗಿಲು. 1996ರ ಆಟದಲ್ಲಿ ಪ್ರತಿ ಬಾಗಿಲೂ ಕಪ್ಪು ಪರದೆಯ ಮೇಲೆ ಕಿರುಗುಡುತ್ತಾ ನಿಧಾನವಾಗಿ ತೆರೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಂತ್ರ ಮುಂದಿನ ಕೋಣೆಯನ್ನು ಡಿಸ್ಕಿನಿಂದ ಓದಿಕೊಳ್ಳುತ್ತಿರುತ್ತದೆ. ಆಟಗಾರರು ಇದರಲ್ಲಿ ಒಂದು ಅಭಯವನ್ನೂ ಕಂಡುಕೊಂಡರು: ಜೋಂಬಿಗಳು ಬಾಗಿಲು ದಾಟುವುದಿಲ್ಲ. ಹೊಸ್ತಿಲು ದಾಟಿದರೆ ಜೀವ ಉಳಿಯಿತು. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ಹಿಂದೆ ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ಹೊಸ್ತಿಲಿಗೆ ದೆವ್ವ ಮರ್ಯಾದೆ ಕೊಡುತ್ತದೆ ಎಂಬ ನಂಬಿಕೆ ಎರಡೂ ಕಡೆ ಒಂದೇ, ಇಲ್ಲಿ ಸುಣ್ಣ, ಅಲ್ಲಿ ಲೋಡಿಂಗ್.

ಅದನ್ನೂ ಕಿತ್ತುಕೊಂಡರು. 1999ರ ಮೂರನೆಯ ಆಟದ ನೆಮೆಸಿಸ್ ಎಂಬ ದೈತ್ಯ ಬಾಗಿಲು ದಾಟಿ ಹಿಂದೆಯೇ ಬರುತ್ತದೆ. 2002ರಲ್ಲಿ ಮಿಕಾಮಿ ತನ್ನ ಮೊದಲ ಆಟವನ್ನೇ ಹೊಸದಾಗಿ ಮಾಡಿದಾಗ ಇನ್ನೂ ಕ್ರೂರವಾದ ಹೊಡೆತ ಕೊಟ್ಟರು. ನೀವು ಗುಡಿಸಿಟ್ಟುಕೊಂಡ ಓಣಿಯಲ್ಲಿ ಬಿದ್ದಿರುವ ಹೆಣ ಎಷ್ಟೋ ಹೊತ್ತಿನ ಮೇಲೆ ಕೆಂಪಗಾಗಿ, ಉಗುರು ಬೆಳೆಸಿಕೊಂಡು, ಓಡುತ್ತಾ ಏಳುತ್ತದೆ. ತಪ್ಪಿಸಬೇಕೆಂದರೆ ತಲೆ ಹಾರಿಸಿರಬೇಕು, ಇಲ್ಲವೇ ಹೆಣಕ್ಕೆ ಸೀಮೆಎಣ್ಣೆ ಸುರಿದು ಸುಟ್ಟಿರಬೇಕು. ಎಣ್ಣೆಯ ಬಾಟಲಿಯಲ್ಲಿ ಒಮ್ಮೆಗೆ ಎರಡೇ ಹೆಣಕ್ಕಾಗುವಷ್ಟು ಹಿಡಿಯುತ್ತದೆ, ಅದಕ್ಕೂ ಒಂದು ಗೂಡು ಬೇಕು. ಆರು ವರ್ಷ ಆಟಗಾರರು ಬಾಯಿಪಾಠ ಮಾಡಿದ್ದ ಸೂತ್ರ ಅವರ ಮೇಲೇ ತಿರುಗಿಬಿತ್ತು. ಕೊಂದವನಿಗೆ ಸಂಸ್ಕಾರದ ಹೊಣೆಯೂ ಬಂತು.

ಆಯುಧವೇ ಇಲ್ಲದ ಆಟಗಳದ್ದು ಬೇರೊಂದು ಕವಲು. 1995ರ 'ಕ್ಲಾಕ್ ಟವರ್'ನಲ್ಲಿ ದೊಡ್ಡ ಕತ್ತರಿ ಹಿಡಿದವನಿಂದ ಓಡಿ ಅವಿತುಕೊಳ್ಳುವುದೇ ಮುಖ್ಯ ಕೆಲಸ. ಸ್ವೀಡನ್ನಿನವರ 'ಅಮ್ನೀಷಿಯಾ' (2010) ಇನ್ನೂ ಸೂಕ್ಷ್ಮ: ಕತ್ತಲಲ್ಲಿ ಕೂತರೆ ಬುದ್ಧಿ ಕೆಡುತ್ತದೆ, ಲಾಟೀನು ಹಚ್ಚಿದರೆ ರಾಕ್ಷಸನ ಕಣ್ಣಿಗೆ ಬೀಳುತ್ತೀರಿ, ಎಣ್ಣೆಯೂ ಮುಗಿಯುತ್ತದೆ. ರಾಕ್ಷಸನನ್ನು ನೋಡುವುದೂ ಅಪಾಯ. ಗೋಡೆಗೆ ಮುಖ ಮಾಡಿ ನಿಂತು ಹೆಜ್ಜೆ ಸದ್ದು ದೂರವಾಗುವುದನ್ನು ಕಾಯುವುದೇ ಅಲ್ಲಿ ಉತ್ತಮ ಉಪಾಯ. 2014ರ 'ಏಲಿಯನ್: ಐಸೊಲೇಷನ್' ಮಾಡಿದವರು ಬೇಟೆಗಾರನಿಗೆ ಎರಡು ಮಿದುಳು ಕೊಟ್ಟರು. ಒಂದಕ್ಕೆ ನೀವಿರುವ ಜಾಗ ಯಾವಾಗಲೂ ಗೊತ್ತು, ಆದರೆ ಅದು ಹೇಳುವುದು ಸುಮಾರಾಗಿ ಆ ಕಡೆ ಹುಡುಕು ಎಂದಷ್ಟೆ. ಇನ್ನೊಂದು ಕಣ್ಣು ಕಿವಿಯಿಂದ ಹುಡುಕಬೇಕು. ನೀವು ಪದೇ ಪದೇ ಕಪಾಟಿನಲ್ಲಿ ಅವಿತರೆ ಅದು ಕಪಾಟುಗಳನ್ನು ತಡಕಲು ಶುರುಮಾಡುತ್ತದೆ. ಒಂದೇ ಉಪಾಯವನ್ನು ನೆಚ್ಚಿಕೊಂಡವರು ಅಲ್ಲಿ ಬಹಳ ಹೊತ್ತು ಬಾಳುವುದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು, ಕಾಲಕ್ರಮದಲ್ಲಿ ಹಿಂದಿನದಾದ 'ಸೈಲೆಂಟ್ ಹಿಲ್ 2'. ಕೊನಾಮಿ ಕಂಪನಿಯದು, 2001ರದು. ಮೊದಲ ಭಾಗದಲ್ಲಿ ದೂರದ ಬೀದಿಗಳನ್ನು ಬಿಡಿಸಲಾರದ ಯಂತ್ರದ ದೌರ್ಬಲ್ಯವನ್ನು ಮುಚ್ಚಲು ಊರಿಗೇ ಮಂಜು ಕವಿಸಿದ್ದರು. ಜೇಬಿನ ರೇಡಿಯೋ ಗರಗರ ಎಂದರೆ ಯಾವುದೋ ಜೀವ ಹತ್ತಿರವಿದೆ ಎಂದರ್ಥ. ಎರಡನೆಯದರಲ್ಲಿ ಮಂಜೂ ಇದೆ, ರೇಡಿಯೋ ಕೂಡ ಇದೆ. ಮೂರು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಮೇರಿಯಿಂದ ಪತ್ರ ಬಂತೆಂದು ಜೇಮ್ಸ್ ಸಂಡರ್‌ಲ್ಯಾಂಡ್ ಆ ಊರಿಗೆ ಬರುತ್ತಾನೆ. ಇಲ್ಲಿ ಚೀಲಕ್ಕೆ ಮಿತಿಯಿಲ್ಲ. ಎಷ್ಟು ಬೇಕಾದರೂ ಹೊರಬಹುದು. ಹಳೆಯ ಆಟಗಾರರಿಗೆ ಇದು ಹಬ್ಬ. ಆದರೂ ಅವರು ಅಭ್ಯಾಸಬಲದಿಂದ ಔಷಧ ಉಳಿಸುತ್ತಾರೆ, ಗಾಯಗೊಂಡೇ ಕುಂಟುತ್ತಾ ನಡೆಯುತ್ತಾರೆ, ತೀರಾ ಸಾಯುವ ಹಂತಕ್ಕೆ ಬಂದಾಗ ಮಾತ್ರ ಒಂದು ಗುಟುಕು.

ಆಟ ಇದನ್ನೆಲ್ಲ ಸುಮ್ಮನೆ ಗುರುತಿಟ್ಟುಕೊಳ್ಳುತ್ತಿರುತ್ತದೆ. ಗಾಯವಾದೊಡನೆ ಮದ್ದು ಹಾಕಿಕೊಂಡಿರಾ? ಮೇರಿಯ ಫೋಟೋ, ಪತ್ರವನ್ನು ಆಗಾಗ ತೆಗೆದು ನೋಡಿದಿರಾ? ಅಥವಾ ಆಂಜೆಲಾ ಎಂಬ ಹುಡುಗಿ ಕೊಟ್ಟುಹೋದ ಚಾಕುವನ್ನು ದಿಟ್ಟಿಸುತ್ತಾ ಕೂತಿರಾ? ಆ ಚಾಕು ಆಯುಧವಲ್ಲ, ಅದರಿಂದ ಯಾರನ್ನೂ ಹೊಡೆಯಲು ಬರುವುದಿಲ್ಲ, ನೋಡಬಹುದು ಅಷ್ಟೆ. ಯಾವ ಪ್ರಶ್ನೆಯನ್ನೂ ಆಟ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಕೊನೆಗೆ ಜೇಮ್ಸ್‌ನ ಗತಿ ತೀರ್ಮಾನವಾಗುವುದು ಈ ಸಣ್ಣ ಸಣ್ಣ ಸಂಗತಿಗಳಿಂದಲೇ. ಬಹಳ ಹೊತ್ತು ಗಾಯದಲ್ಲೇ ನಡೆದು, ಚಾಕು ನೋಡಿದವನಿಗೆ ಬದುಕುವ ಇಚ್ಛೆಯಿಲ್ಲ ಎಂದು ಅದು ಓದಿಕೊಳ್ಳುತ್ತದೆ, ಅವನ ಕಾರು ಕೆರೆಗೆ ಇಳಿಯುತ್ತದೆ.

ಹಾಸ್ಟೆಲಿನ ಗೆಳೆಯನೊಬ್ಬ ಹೀಗೆಯೇ ಮುಗಿಸಿದ್ದ. ರೆಸಿಡೆಂಟ್ ಈವಿಲ್‌ನಲ್ಲಿ ಪಳಗಿದ ಕೈ, ಒಂದು ಗುಂಡನ್ನೂ ವ್ಯರ್ಥ ಮಾಡದವನು. ಕಾರು ನೀರಿಗೆ ಬಿದ್ದದ್ದು ಯಾಕೆಂದು ಅವನಿಗೆ ಗೊತ್ತಾಗಲಿಲ್ಲ. ಕಾರಣವನ್ನು ಯಾರೋ ವಿವರಿಸಿದ ಮೇಲೆ "ನಾನು ಮುಂದಕ್ಕೆ ಬೇಕಾಗುತ್ತೆ ಅಂತ ಉಳಿಸ್ಕೊಂಡಿದ್ದೆ ಕಣೋ" ಎಂದ. ಚೀಲದಲ್ಲಿ ಹದಿನೇಳು ಬಾಟಲಿ ಔಷಧ ಹಾಗೇ ಇತ್ತು. ಮುಂದಿನ ವಾರ ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ತರಚಿದರೂ ಕುಡಿಯುತ್ತಿದ್ದ, ಮೇರಿಯ ಪತ್ರವನ್ನು ಮೂರು ಮೂರು ಸಲ ತೆರೆದು ಓದುತ್ತಿದ್ದ. ಜೇಮ್ಸ್ ಲಾರಾ ಎಂಬ ಪುಟ್ಟ ಹುಡುಗಿಯ ಜೊತೆ ಊರು ಬಿಟ್ಟು ಹೊರಟ.