ಲ್ಯಾಟರಲ್ ಎಂಟ್ರಿ ಮತ್ತು ಮುಂಗಡ ಕ್ರೆಡಿಟ್: ಚನ್ನಪಟ್ಟಣ ಸೀಮೆಯ ದಾರಿಗಳು

ಮುಂಗಡ ಕ್ರೆಡಿಟ್ ಎಂದರೆ ಪದವಿಗೆ ಬೇಕಾದ ಓದಿನ ಒಂದು ಪಾಲನ್ನು ಕಾಲೇಜು ಸೇರುವ ಮೊದಲೇ ಅಥವಾ ಕಾಲೇಜಿನ ಹೊರಗೆ ಮುಗಿಸಿ, ಅದನ್ನು ಪದವಿಯ ಲೆಕ್ಕಕ್ಕೆ ಜಮಾ ಮಾಡಿಸಿಕೊಳ್ಳುವ ವ್ಯವಸ್ಥೆ. ಇದರಿಂದ ಕೆಲವರಿಗೆ ವರ್ಷ ಉಳಿಯುತ್ತದೆ, ಹಲವರಿಗೆ ಹಣ ಉಳಿಯುತ್ತದೆ. ಅಮೆರಿಕದಲ್ಲಿ ಇದು ಹೈಸ್ಕೂಲಿನಲ್ಲೇ ಶುರುವಾಗುತ್ತದೆ. ಕರ್ನಾಟಕದಲ್ಲಿ ಇದರ ಗಟ್ಟಿಯಾದ ರೂಪವೆಂದರೆ ಡಿಪ್ಲೊಮಾ ಮುಗಿಸಿದವರಿಗೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸಿಗುವ ನೇರ ಪ್ರವೇಶ. ಜನರ ಬಾಯಲ್ಲಿ ಇದು ‘ಲ್ಯಾಟರಲ್ ಎಂಟ್ರಿ’ ಅಥವಾ ‘ಡೈರೆಕ್ಟ್ ಸೆಕೆಂಡ್ ಇಯರ್’. ಕ್ರೆಡಿಟ್ ಎಂಬ ಮಾತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಚಲಾವಣೆಗೆ ಬರುವ ಎಷ್ಟೋ ಮೊದಲೇ ಈ ಬಾಗಿಲು ತೆರೆದಿತ್ತು.

ಅಪ್ರಮೇಯ ಸ್ವಾಮಿ ಮತ್ತು ಅಂಬೆಗಾಲು ಕೃಷ್ಣನ ಗುಡಿಯಿಂದ ಹೆಸರಾದ ದೊಡ್ಡಮಳೂರು, ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ಪೇಟೆ ದಾಟಿ ಕೆಲವೇ ಕಿಲೋಮೀಟರಿಗೆ ಸಿಗುತ್ತದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿಕೊಂಡ ಸೀಮೆಯಿದು. ಈ ಊರಿನಿಂದ ಚನ್ನಪಟ್ಟಣದ ಸರ್ಕಾರಿ ಪಾಲಿಟೆಕ್ನಿಕ್‌ಗೆ, ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಘೌಸಿಯಾ ಎಂಜಿನಿಯರಿಂಗ್ ಕಾಲೇಜಿಗೆ, ಇನ್ನೊಂದು ದಿಕ್ಕಿನಲ್ಲಿ 1962ರಲ್ಲಿ ಸ್ಥಾಪನೆಯಾದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಓದಿನ ಖರ್ಚೆಂದರೆ ಶುಲ್ಕ ಮಾತ್ರವೆಂದು ಭಾವಿಸುವವರು ಹಾಸ್ಟೆಲ್ ಮತ್ತು ಊಟದ ಲೆಕ್ಕ ಮರೆಯುತ್ತಾರೆ. ಸರ್ಕಾರಿ ಸೀಟು ಸಿಕ್ಕವರಿಗೆ ಶುಲ್ಕಕ್ಕಿಂತ ಅದೇ ದೊಡ್ಡದಾಗುವುದುಂಟು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ದಿನದ ಓಡಾಟದ ಖರ್ಚೂ ಇಲ್ಲವಾಯಿತು. ಮನೆಯೂಟ ಉಂಡು ಬಸ್ಸು ಹತ್ತುವ ವಿದ್ಯಾರ್ಥಿಗೆ ಲ್ಯಾಟರಲ್ ಎಂಟ್ರಿಯ ಲಾಭ ಇನ್ನಷ್ಟು ಹಿಗ್ಗುತ್ತದೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ವರ್ಷಗಳನ್ನು ಕೂಡಿ ನೋಡಬೇಕು. ಪಿಯುಸಿ 2, ಬಿಇ 4, ಒಟ್ಟು 6 ವರ್ಷ. ಡಿಪ್ಲೊಮಾ 3, ಎರಡನೇ ವರ್ಷದಿಂದ ಬಿಇ 3, ಅದೂ 6. ಎರಡು ವರ್ಷದ ಐಟಿಐ ಮಾಡಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಆ ದಾರಿಯಲ್ಲಿ ಐಟಿಐ 2, ಡಿಪ್ಲೊಮಾ 2, ಬಿಇ 3, ಒಟ್ಟು 7. ಪಿಯುಸಿ ವಿಜ್ಞಾನ ಓದಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಬರುವವರಿಗೂ 7. ಅಂದರೆ ಡಿಪ್ಲೊಮಾ ದಾರಿ ಬೇಗ ಮುಗಿಯುತ್ತದೆ ಎಂಬ ಮಾತು ನಿಜವಲ್ಲ, ತಡವಾಗುತ್ತದೆ ಎಂಬ ಹಳೆಯ ಹೆದರಿಕೆಯೂ ನಿಜವಲ್ಲ. ಉಳಿಯುವುದು ಬಿಇಯ ಒಂದು ವರ್ಷದ ಶುಲ್ಕ, ಪಿಯುಸಿ ಮತ್ತು ಸಿಇಟಿ ಕೋಚಿಂಗ್‌ಗೆ ಸುರಿಯುವ ದುಡ್ಡು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಮೂರನೇ ವರ್ಷದ ಕೊನೆಗೆ ಮನೆಯಲ್ಲಿ ಕಷ್ಟ ಬಂದು ಓದು ನಿಂತರೆ ಪಿಯುಸಿ ದಾರಿಯವರ ಕೈಯಲ್ಲಿ ಬಿಇಯ ಒಂದು ವರ್ಷ ಮಾತ್ರ ಇರುತ್ತದೆ, ಅದಕ್ಕೆ ನೌಕರಿಯ ಬೆಲೆ ಕಡಿಮೆ. ಡಿಪ್ಲೊಮಾದವರ ಕೈಯಲ್ಲಿ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಲ್ಲ, ಬಿಡದಿಯ ಕಾರ್ಖಾನೆಗಳಲ್ಲಿ ಕೆಲಸ ಕೇಳಬಲ್ಲ ಪ್ರಮಾಣಪತ್ರ ಇರುತ್ತದೆ. ರೇಷ್ಮೆಗೂಡಿನ ಬೆಲೆ ಬಿದ್ದ ವರ್ಷ ಕಂಡ ಮನೆಗಳಿಗೆ ಈ ಭರವಸೆ ಸಣ್ಣದಲ್ಲ.

ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು. ದುಡಿಯುತ್ತಿರುವ ಡಿಪ್ಲೊಮಾದವರಿಗೆ ಸಂಜೆ ಕಾಲೇಜಿನ ಸೀಟುಗಳೂ ಇದೇ ಪರೀಕ್ಷೆಯ ಮೂಲಕವೇ ಹಂಚಿಕೆಯಾಗುತ್ತವೆ. ಸೀಟು ಸಿಕ್ಕವರು ಸೇರುವುದು ಮೂರನೇ ಸೆಮಿಸ್ಟರಿಗೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಬಿಇಗೆ 160 ಕ್ರೆಡಿಟ್ ಬೇಕು. ಲ್ಯಾಟರಲ್ ಎಂಟ್ರಿಯವರು ಗಳಿಸಬೇಕಾದದ್ದು 120. ಸಮಾಜಸೇವೆ ಮುಂತಾದವುಗಳಿಗಿರುವ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಕೂಡ ಉಳಿದವರಿಗೆ 100 ಇದ್ದರೆ ಇವರಿಗೆ 75.

ಬಿಟ್ಟುಕೊಟ್ಟ ಆ 40 ಕ್ರೆಡಿಟ್ಟಿಗೆ ಬೆಲೆ ತೆರಬೇಕಾದದ್ದು ಗಣಿತದಲ್ಲಿ. ಪಿಯುಸಿಯಿಂದ ಬಂದವರು ಎರಡು ವರ್ಷ ಕ್ಯಾಲ್ಕುಲಸ್ ತಿಕ್ಕಿ, ಬಿಇ ಮೊದಲ ವರ್ಷದಲ್ಲಿ ಇನ್ನೆರಡು ಗಣಿತ ಪತ್ರಿಕೆ ಮುಗಿಸಿ ಮೂರನೇ ಸೆಮಿಸ್ಟರಿಗೆ ಬಂದಿರುತ್ತಾರೆ. ಡಿಪ್ಲೊಮಾದವರು ಲೇತ್, ಸರ್ವೆ, ಸರ್ಕ್ಯೂಟ್ ಬಲ್ಲವರು; ಲ್ಯಾಬಿನಲ್ಲಿ ಅವರ ಕೈ ಓಡುತ್ತದೆ, ಫೂರಿಯರ್ ಸರಣಿಯ ಮುಂದೆ ನಿಲ್ಲುತ್ತದೆ. ಇದಕ್ಕೆಂದೇ ವಿಟಿಯುವಿನ ಹಲವು ಸ್ಕೀಮುಗಳಲ್ಲಿ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಇವರಿಗಾಗಿ ಹೆಚ್ಚುವರಿ ಗಣಿತ ಇಡಲಾಯಿತು. ಪತ್ರಿಕೆಯ ಸಂಕೇತದಲ್ಲಿರುವ ‘ಮ್ಯಾಟ್‌ಡಿಪ್’ ಎಂಬ ಅಕ್ಷರಗಳೇ ಕ್ಲಾಸಿನಲ್ಲಿ ಅದರ ಹೆಸರಾದವು. ಕ್ರೆಡಿಟ್ ಪದ್ಧತಿ ಬಂದ ಮೇಲೆ ಅದರ ಅಂಕ ಸಿಜಿಪಿಎಗೆ ಸೇರುತ್ತಿರಲಿಲ್ಲ. ಆದರೆ ಪಾಸಾಗದೆ ಪದವಿಯೂ ಇರಲಿಲ್ಲ. ಡಿಪ್ಲೊಮಾ ಫಲಿತಾಂಶ, ಡಿಸಿಇಟಿ, ಕೌನ್ಸೆಲಿಂಗ್ ಎಲ್ಲ ಮುಗಿದು ಹುಡುಗರು ಕ್ಲಾಸಿಗೆ ಬರುವ ಹೊತ್ತಿಗೆ ಪಾಠ ಒಂದಷ್ಟು ಮುಂದೆ ಹೋಗಿರುವುದೂ ಉಂಟು. ಆ ಸೆಮಿಸ್ಟರಿನ ಬ್ಯಾಕ್‌ಲಾಗ್ ಮುಂದಕ್ಕೆ ಜೋತು ಬಿದ್ದರೆ ಉಳಿಸಿದ ವರ್ಷದ ಹಣ ಅಲ್ಲೇ ಕರಗುತ್ತದೆ. ಡಿಪ್ಲೊಮಾದ ಕೊನೆಯ ವರ್ಷ ಇಂಟರ್ನ್‌ಶಿಪ್ ನಡುವೆಯೇ ದಿನಕ್ಕೊಂದು ಗಂಟೆ ಡಿಫರೆನ್ಶಿಯೇಶನ್, ಇಂಟಿಗ್ರೇಶನ್, ಮ್ಯಾಟ್ರಿಕ್ಸ್ ಮಾಡಿಕೊಂಡವರು ಮೂರನೇ ಸೆಮಿಸ್ಟರಿನಲ್ಲಿ ತಡವರಿಸುವುದು ಕಡಿಮೆ. ಈ ಸೀಮೆಯ ಪಾಲಿಟೆಕ್ನಿಕ್ ಉಪನ್ಯಾಸಕರು ವಿದ್ಯಾರ್ಥಿಗಳಿಗೆ ಹೇಳಬೇಕಾದ ಮೊದಲ ಮಾತು ಇದೇ.

ಇಲ್ಲಿ ಕ್ರೆಡಿಟ್ ಎಂದರೇನು ಎಂಬುದನ್ನು ಹೇಳಬೇಕು. 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ್ದಕ್ಕೆ 160. ಇದೇ ಚೌಕಟ್ಟು ಹನ್ನೆರಡನೇ ತರಗತಿಗೆ 4ನೇ ಮಟ್ಟ, ಪದವಿಯ ಮೊದಲ ವರ್ಷಕ್ಕೂ ಡಿಪ್ಲೊಮಾದ ಮೂರನೇ ವರ್ಷಕ್ಕೂ ಒಂದೇ 4.5ನೇ ಮಟ್ಟ ಕೊಟ್ಟಿದೆ. ನಮ್ಮ ಪಾಲಿಟೆಕ್ನಿಕ್ ಹುಡುಗರು ಎಂದಿನಿಂದಲೋ ನಡೆಯುತ್ತಿದ್ದ ದಾರಿಗೆ ಹೀಗೆ ಕಾಗದದ ಮೇಲೂ ಒಂದು ಲೆಕ್ಕ ಸಿಕ್ಕಿತು.

ಕ್ರೆಡಿಟ್ ವರ್ಗಾವಣೆಯಿಲ್ಲದೆಯೂ ವರ್ಷ ಉಳಿಸುವ ಬಗೆಯೊಂದಿದೆ, ಎರಡು ಪದವಿಯನ್ನು ಹೆಣೆದ ಸಂಯುಕ್ತ ಕೋರ್ಸು. 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ನಂತರ ನಾಲ್ಕು ವರ್ಷಕ್ಕೆ ಬಿಎಸ್‌ಸಿ ಬಿಎಡ್ ಮುಗಿಯುತ್ತದೆ. ಬೇರೆ ಬೇರೆಯಾಗಿ ಮಾಡಿದರೆ ಐದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1980ರ ದಶಕದ ಕೊನೆಯಲ್ಲಿ ನೆಲೆಗೊಳಿಸಿದ ಐದು ವರ್ಷದ ಕಾನೂನು ಪದವಿಯೂ ಹಾಗೆಯೇ, ಪದವಿ ಮೂರು ಮತ್ತು ಎಲ್‌ಎಲ್‌ಬಿ ಮೂರು ಎಂಬ ಆರು ವರ್ಷದಲ್ಲಿ ಒಂದನ್ನು ಉಳಿಸುತ್ತದೆ. ಬಿಸಿಎ ಮಾಡಿದವರಿಗೆ ಎಂಸಿಎ ಎರಡನೇ ವರ್ಷಕ್ಕಿದ್ದ ಲ್ಯಾಟರಲ್ ಎಂಟ್ರಿ ಮಾತ್ರ ಈಗಿಲ್ಲ. 2020–21ರಿಂದ ಎಂಸಿಎ ಕೋರ್ಸೇ ಎರಡು ವರ್ಷಕ್ಕೆ ಇಳಿಯಿತು.

ಆನ್‌ಲೈನ್ ದಾರಿ ಸ್ವಯಂ ವೇದಿಕೆಯದು. 2017ರ ಜುಲೈ 9ರಂದು ಉದ್ಘಾಟನೆಯಾದ ಇದರ ಎಂಜಿನಿಯರಿಂಗ್ ಪಾಠಗಳನ್ನು ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆರಂಭದಿಂದಲೂ ಇದೆ. ಪಾಠ ಉಚಿತ, ಪ್ರಮಾಣಪತ್ರಕ್ಕೆ ಪರೀಕ್ಷಾ ಶುಲ್ಕ ಬಹುಕಾಲ ಕೋರ್ಸಿಗೆ 1,000 ರೂಪಾಯಿ ಇತ್ತು. 4 ವಾರದ ಕೋರ್ಸಿಗೆ 1, 8 ವಾರದ್ದಕ್ಕೆ 2, 12 ವಾರದ್ದಕ್ಕೆ 3 ಕ್ರೆಡಿಟ್. ವಾರವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. 12 ವಾರದ ಕೋರ್ಸಿನಲ್ಲಿ ಒಳ್ಳೆಯ 8 ಅಸೈನ್‌ಮೆಂಟಿನ ಅಂಕ ಹಿಡಿಯುವುದರಿಂದ ಹಬ್ಬದ ವಾರವೋ ಜ್ವರದ ವಾರವೋ ತಪ್ಪಿದರೂ ಕೋರ್ಸು ಕೈಬಿಡಬೇಕಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2016ರಲ್ಲಿ ಇಂಥ ಕೋರ್ಸುಗಳಿಗೆ ಒಂದು ಸೆಮಿಸ್ಟರಿನ ಶೇ. 20ರವರೆಗೆ ಜಾಗ ಕೊಟ್ಟಿತ್ತು, 2021ರಲ್ಲಿ ಶೇ. 40ಕ್ಕೆ ಏರಿಸಿತು. ಮಿತಿ ಎಷ್ಟೇ ಇರಲಿ, ತನ್ನ ಕಾಲೇಜು ಯಾವ ಕೋರ್ಸನ್ನು ಯಾವ ಪತ್ರಿಕೆಗೆ ಬದಲಾಗಿ ಒಪ್ಪುತ್ತದೆ ಎಂದು ನೋಂದಣಿಗೆ ಮೊದಲೇ ಲಿಖಿತವಾಗಿ ಪಡೆಯದ ವಿದ್ಯಾರ್ಥಿಗೆ ಕೊನೆಗೆ ದಕ್ಕುವುದು ಪ್ರಮಾಣಪತ್ರವಷ್ಟೇ.

ಗಳಿಸಿದ ಕ್ರೆಡಿಟ್ ಇಡುವ ಜಾಗ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. 2021ರ ಜುಲೈನಲ್ಲಿ ಯುಜಿಸಿ ನಿಯಮ ಬಂದಿತು. ಡಿಜಿಲಾಕರ್ ಮೂಲಕ ಖಾತೆ ತೆರೆಯುತ್ತದೆ. ಕ್ರೆಡಿಟ್ ಗರಿಷ್ಠ 7 ವರ್ಷ ಬದುಕುತ್ತದೆ. 2021ರಲ್ಲೇ ಕರ್ನಾಟಕ ದೇಶದಲ್ಲೇ ಮೊದಲಾಗಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು, ವರ್ಷ ವರ್ಷವೂ ಪ್ರಮಾಣಪತ್ರದೊಡನೆ ಹೊರಬೀಳುವ ಅವಕಾಶದೊಂದಿಗೆ, ಜಾರಿಗೆ ತಂದಿತು. 2023ರಲ್ಲಿ ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳ ಆದೇಶ 2024–25ರಿಂದ ಮೂರು ವರ್ಷದ ಪದವಿಗೇ ಮರಳಿಸಿತು. ನಡುವೆ ಸೇರಿದ ಮೂರು ಬ್ಯಾಚಿನವರು ತಮ್ಮ ಹಿಂದಿನ ಅಥವಾ ಮುಂದಿನ ಬ್ಯಾಚಿನವರ ಪುಸ್ತಕ, ಪ್ರಶ್ನೆಪತ್ರಿಕೆ ಯಾವುದೂ ತಮಗೆ ಹೊಂದದ ಸ್ಥಿತಿಯಲ್ಲಿ ಓದಿದರು. ನೀತಿಯ ಗುಣದೋಷ ಏನೇ ಇರಲಿ, ಆ ಮಕ್ಕಳ ಗೊಂದಲಕ್ಕೆ ಯಾರೂ ಕಿವಿಗೊಡಲಿಲ್ಲ ಎಂಬುದು ನೋವಿನ ಸಂಗತಿ.

ಹೊರನಾಡಿನ ಕನ್ನಡ ಮನೆಗಳಲ್ಲಿ ಮುಂಗಡ ಕ್ರೆಡಿಟ್ ಬೇರೆ ರೂಪದಲ್ಲಿ ಪರಿಚಿತ. ಅಮೆರಿಕದ ಕಾಲೇಜ್ ಬೋರ್ಡ್ 1950ರ ದಶಕದಿಂದ ನಡೆಸುತ್ತಿರುವ ಎಪಿ ಪರೀಕ್ಷೆಗಳನ್ನು ಹೈಸ್ಕೂಲ್ ಮಕ್ಕಳು ಮೇ ತಿಂಗಳಲ್ಲಿ ಬರೆಯುತ್ತಾರೆ. 1ರಿಂದ 5ರವರೆಗಿನ ಅಂಕದಲ್ಲಿ 3 ಅಥವಾ ಹೆಚ್ಚು ಬಂದರೆ ಹಲವು ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ. ಶುಲ್ಕ ಸುಮಾರು 100 ಡಾಲರ್, ಅದೇ ಕೋರ್ಸನ್ನು ಕಾಲೇಜಿನಲ್ಲಿ ಓದುವುದಕ್ಕಿಂತ ಎಷ್ಟೋ ಅಗ್ಗ. ಮಿನ್ನೆಸೋಟ ರಾಜ್ಯ 1985ರಲ್ಲೇ ಹೈಸ್ಕೂಲಿನವರಿಗೆ ಕಾಲೇಜಿನ ಕ್ಲಾಸು ತೆರೆಯಿತು. ವಾಷಿಂಗ್ಟನ್ ರಾಜ್ಯದ ‘ರನ್ನಿಂಗ್ ಸ್ಟಾರ್ಟ್’ ಯೋಜನೆಯಲ್ಲಿ 11 ಮತ್ತು 12ನೇ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಸಮುದಾಯ ಕಾಲೇಜಿನಲ್ಲಿ ಓದುತ್ತಾರೆ. ಸಿಯಾಟಲ್ ಸುತ್ತಲಿನ ಕನ್ನಡ ಕುಟುಂಬಗಳಿಗೂ ಈ ದಾರಿ ತೆರೆದಿದೆ.

ಭಾರತದಲ್ಲಿ ಪದವಿಯನ್ನೇ ಬೇಗ ಮುಗಿಸುವ ಅವಕಾಶವನ್ನು ಯುಜಿಸಿ 2024ರ ಕೊನೆಯಲ್ಲಿ ಪ್ರಕಟಿಸಿತು. ಮೊದಲ ಅಥವಾ ಎರಡನೇ ಸೆಮಿಸ್ಟರಿನ ಸಾಧನೆ ನೋಡಿ ಸಮಿತಿ ಆರಿಸಿದ, ಒಟ್ಟು ಸೀಟಿನ ಶೇ. 10ರವರೆಗಿನ ವಿದ್ಯಾರ್ಥಿಗಳು ಮುಂದಿನ ಸೆಮಿಸ್ಟರುಗಳಲ್ಲಿ ಹೆಚ್ಚು ಕ್ರೆಡಿಟ್ ಹೊತ್ತು ಮೂರು ವರ್ಷದ ಪದವಿಯನ್ನು 5 ಸೆಮಿಸ್ಟರಿನಲ್ಲಿ, ನಾಲ್ಕು ವರ್ಷದ್ದನ್ನು 6 ಅಥವಾ 7ರಲ್ಲಿ ಮುಗಿಸಬಹುದು. ಕ್ರೆಡಿಟ್ ಕಡಿಮೆಯಾಗುವುದಿಲ್ಲ, ಅವಧಿ ಮಾತ್ರ ಕುಗ್ಗುತ್ತದೆ. ಸಂಜೆ ಹಸು ಕರೆದು, ಹಿಪ್ಪುನೇರಳೆ ಸೊಪ್ಪು ತಂದು ಆಮೇಲೆ ಪುಸ್ತಕ ಹಿಡಿಯುವ ವಿದ್ಯಾರ್ಥಿಗಿಂತ ಬಿಡುವಿರುವ ವಿದ್ಯಾರ್ಥಿಗೇ ಇದು ಹೆಚ್ಚು ಒದಗುತ್ತದೆ. 2022ರಲ್ಲಿ ಯುಜಿಸಿ ಅನುಮತಿಸಿದ ಏಕಕಾಲದ ಎರಡು ಪದವಿ, ಉದಾಹರಣೆಗೆ ಹಗಲು ಚನ್ನಪಟ್ಟಣದಲ್ಲಿ ಬಿಕಾಂ, ಜೊತೆಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಪದವಿ, ಈ ಸೀಮೆಗೆ ಹೆಚ್ಚು ಹೊಂದುತ್ತದೆ.

ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಕೆಲಸದ ಅನುಭವಕ್ಕೂ ಬೆಲೆ ಇದೆ. ಮೌಲ್ಯಮಾಪನ ಮುಗಿಸಿದವರ ಕ್ರೆಡಿಟ್, 4 ವರ್ಷದವರೆಗಿನ ಅನುಭವಕ್ಕೆ ಒಂದೂವರೆ ಪಟ್ಟಿನವರೆಗೆ, ಅದಕ್ಕೂ ಹೆಚ್ಚಿದ್ದರೆ 2 ಪಟ್ಟಿನವರೆಗೆ ಏರಬಹುದು. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳು ಆಲೆ ಮರದ ತುಂಡನ್ನು ಲೇತ್‌ಗೆ ಕಟ್ಟಿ, ಉಳಿಯಿಂದ ಆಕಾರ ಬಿಡಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಮರದ ತೇವ, ಲೇತ್‌ನ ವೇಗ, ಕೈಯ ಒತ್ತಡ, ಮೂರನ್ನೂ ಒಮ್ಮೆಗೇ ಅಳೆಯುವ ಈ ವಿದ್ಯೆಯ ಒಂದು ಪಾಲು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪ್ ಪತ್ರಿಕೆಯಲ್ಲಿ ಕಲಿಸುವುದೇ. ಇಂಥ ಕೈಗಳನ್ನು ಪರೀಕ್ಷಿಸಿ ಕ್ರೆಡಿಟ್ ಕೊಡುವ ಕೆಲಸವನ್ನು ಅದೇ ಪೇಟೆಯ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಕೌಶಲ ಇಲಾಖೆ ಕೂಡಿ ವಹಿಸಿಕೊಂಡರೆ, ಬೊಂಬೆ ಕೆಲಸದ ಮನೆಯ ಮಕ್ಕಳು ಡಿಪ್ಲೊಮಾ ಸೇರುವಾಗ ಖಾಲಿ ಖಾತೆಯಿಂದ ಶುರು ಮಾಡಬೇಕಾಗಿಲ್ಲ.