ಹೋಟೆಲ್ ಕೆಲಸಗಾರರ ಮೇಲಿನ ದಬ್ಬಾಳಿಕೆ

ಹೋಟೆಲು, ರೆಸ್ಟೋರೆಂಟು, ಕೆಫೆಗಳಲ್ಲಿ ದುಡಿಯುವವರನ್ನು ಮಾಲೀಕರು, ಮೇಲಿನವರು ಇಲ್ಲವೆ ಜೊತೆಗಾರರೇ ಮತ್ತೆ ಮತ್ತೆ ಹೀಯಾಳಿಸುವುದು, ಬೆದರಿಸುವುದು, ಕೈಮಾಡುವುದು, ಗುಂಪಿನಿಂದ ದೂರವಿಡುವುದು. ಒಮ್ಮೆ ಸಿಟ್ಟಿನಲ್ಲಿ ಗದರಿದ್ದು ಇದರ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರನ್ನೇ ಗುರಿ ಮಾಡಿಕೊಂಡು ಬಿಡದೆ ನಡೆಸುವುದು ಇದರ ಲಕ್ಷಣ.

ಯೂರೋಪಿನ ದೊಡ್ಡ ಅಡುಗೆಮನೆಗಳಿಗೆ ಇಂದಿನ ಮೇಲು-ಕೆಳಗಿನ ಶ್ರೇಣಿಯನ್ನು ರೂಪಿಸಿಕೊಟ್ಟವನು ಫ್ರಾನ್ಸಿನ ಆಗುಸ್ತ್ ಎಸ್ಕೊಫಿಯೆ (1846–1935). ಹದಿಮೂರರ ವಯಸ್ಸಿಗೇ ನೀಸ್ ಪಟ್ಟಣದಲ್ಲಿ ಬಂಧುವೊಬ್ಬನ ಹೋಟೆಲಿಗೆ ಸೇರಿದ ಈತ, 1870ರ ಫ್ರಾನ್ಸ್-ಪ್ರಷ್ಯ ಯುದ್ಧದಲ್ಲಿ ಸೈನ್ಯಕ್ಕೆ ಅಡುಗೆ ಮಾಡಿದ. ಮುಂದೆ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಬಾಣಸಿಗರನ್ನು ಸೈನ್ಯದ ದಳದ ಹಾಗೆ ವಿಂಗಡಿಸಿದ. ಆದರೆ ಬೈಗುಳಕ್ಕೂ ಕುಡಿತಕ್ಕೂ ಅವನ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ನಂತರ ಬಂದವರಲ್ಲಿ ಬಹಳ ಮಂದಿ ಅವನ ಶ್ರೇಣಿಯನ್ನು ಉಳಿಸಿಕೊಂಡು ಶಿಸ್ತಿನ ಈ ಅರ್ಧವನ್ನು ಕೈಬಿಟ್ಟರು. ಪ್ಯಾರಿಸ್ಸಿನ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರ ಪಾಡನ್ನು ಜಾರ್ಜ್ ಆರ್ವೆಲ್ 1933ರಷ್ಟು ಹಿಂದೆಯೇ ಸ್ವಂತ ಅನುಭವದಿಂದ ಬರೆದಿದ್ದಾನೆ. ಕೋಪನ್‌ಹೇಗನ್ನಿನ ‘ನೋಮಾ’ ರೆಸ್ಟೋರೆಂಟಿನ ಮುಖ್ಯ ಬಾಣಸಿಗನಾಗಿದ್ದ ರೆನೆ ರೆಡ್ಜೆಪಿ, ಕೈಕೆಳಗಿನವರ ಮೇಲೆ ತಾನೂ ಅರಚಾಡಿದ್ದುಂಟು, ತಳ್ಳಿದ್ದುಂಟು ಎಂದು 2015ರಲ್ಲಿ ಬರೆದು ಒಪ್ಪಿಕೊಂಡ. ಈ ನಡುವೆ ಬಾಣಸಿಗನ ಕೂಗಾಟ ‘ಹೆಲ್ಸ್ ಕಿಚನ್’ನಂಥ ಟಿ.ವಿ. ಕಾರ್ಯಕ್ರಮಗಳಲ್ಲಿ ಮನರಂಜನೆಯೂ ಆಯಿತು.

ಇಂಥ ದಬ್ಬಾಳಿಕೆಗೆ ಒಲೆಯ ಝಳ, ಇಕ್ಕಟ್ಟು, ಊಟದ ಹೊತ್ತಿನ ನೂಕುನುಗ್ಗಲು ಇವನ್ನು ಕಾರಣವಾಗಿ ಕೊಡುವುದು ರೂಢಿ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ನಡೆದ ಪ್ರಕರಣವೊಂದಕ್ಕೆ ಈ ಸಮಜಾಯಿಷಿ ಯಾವುದೂ ಹೊಂದುವುದಿಲ್ಲ. ಹಾಥಾರ್ನ್ ಬಡಾವಣೆಯ ಕೆಫೆಯೊಂದರಲ್ಲಿ ಬಡಿಸುವ ಕೆಲಸಕ್ಕಿದ್ದ 19 ವರ್ಷದ ಬ್ರೋಡಿಯ ಮೇಲೆ ಜೊತೆಗಾರರು ಮೀನಿನ ಸಾಸ್, ಎಣ್ಣೆ ಸುರಿದರು, ಉಗುಳಿದರು, ರೂಪವನ್ನು ಆಡಿಕೊಂಡರು. ಆಕೆ ಜೀವ ಕಳೆದುಕೊಳ್ಳಲು ಯತ್ನಿಸಿದ್ದು ತಿಳಿದ ಮೇಲೆ ಅದನ್ನೂ ಹಾಸ್ಯಕ್ಕೆ ಎಳೆದು, ಇಲಿಪಾಷಾಣವನ್ನು ಅವಳ ಚೀಲದಲ್ಲಿ ಇಟ್ಟರು. ಮಾಲೀಕ ತಡೆಯಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ಆಕೆ ಆತ್ಮಹತ್ಯೆ ಮಾಡಿಕೊಂಡಳು. 2010ರಲ್ಲಿ ಮೂವರು ಕೆಲಸಗಾರರು, ಮಾಲೀಕ ಮತ್ತು ಅವನ ಕಂಪನಿಗೆ ಒಟ್ಟು 3,35,000 ಡಾಲರ್ ದಂಡ ಬಿತ್ತು. ಅದೂ ಕೆಲಸದ ಸ್ಥಳದ ಸುರಕ್ಷತೆಯ ಕಾಯಿದೆಯಡಿ. ಜೈಲಿಗೆ ಯಾರೂ ಹೋಗಲಿಲ್ಲ. ಆಕೆಯ ತಂದೆತಾಯಿಯರ ಹೋರಾಟದಿಂದ ವಿಕ್ಟೋರಿಯ ರಾಜ್ಯ 2011ರ ಜೂನ್‌ನಲ್ಲಿ ‘ಬ್ರೋಡಿ ಕಾಯಿದೆ’ಯನ್ನು ಜಾರಿಗೆ ತಂದು, ತೀವ್ರ ಸ್ವರೂಪದ ಪೀಡನೆಗೆ 10 ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತು. ಇದಕ್ಕೂ ಮೊದಲು ಸ್ವೀಡನ್ 1993ರಲ್ಲಿ, ಫ್ರಾನ್ಸ್ 2002ರಲ್ಲಿ ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ನಿಯಮಗಳನ್ನು ಮಾಡಿದ್ದವು.

ಕರ್ನಾಟಕದ ಹೋಟೆಲುಗಳಲ್ಲಿ ಹುದ್ದೆಗಳಿಗೆ ಫ್ರೆಂಚ್ ಹೆಸರುಗಳಿಲ್ಲದಿದ್ದರೂ ಶ್ರೇಣಿ ಇದೆ: ಗಲ್ಲಾದಲ್ಲಿ ಧಣಿ, ಒಳಗೆ ಭಟ್ಟರು, ಹೊರಗೆ ಸಪ್ಲೈಯರು, ಎಲ್ಲರಿಗೂ ಕೆಳಗೆ ಮೇಜು ಒರೆಸುವ ಕ್ಲೀನರು. ಕರಾವಳಿಯಲ್ಲಿ ‘ಹುಡುಗ’ ಎಂಬ ಅರ್ಥದ ‘ಮಾಣಿ’ ಹೋಟೆಲಿನಲ್ಲಿ ಬಡಿಸುವವನ ಹೆಸರಾಗಿ ನಿಂತಿದೆ. ತಲೆ ನರೆತರೂ ಅವನು ಮಾಣಿಯೇ. ಊಟ, ಮಲಗುವ ಜಾಗ ಎರಡೂ ಧಣಿಯದೇ ಆಗಿರುವ ಕಡೆ ಕೆಲಸ ಬಿಡುವುದೆಂದರೆ ಅಂದೇ ರಾತ್ರಿಗೆ ಸೂರು ಹುಡುಕುವುದು. ಬೆಂಗಳೂರಿಗೆ ದೂರದ ರಾಜ್ಯಗಳಿಂದ ಬಂದು ದುಡಿಯುವವರಿಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. 2013ರ ಕಾಯಿದೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸೀಮಿತ. ಮೂದಲಿಕೆ, ಅವಮಾನ, ಗುಂಪುಗೂಡಿ ಕಾಡುವುದು ಇವನ್ನೇ ಹೆಸರಿಸಿ ಹಿಡಿಯುವ ಪ್ರತ್ಯೇಕ ಕೇಂದ್ರ ಕಾನೂನು ಭಾರತದಲ್ಲಿಲ್ಲ. ಹೊಡೆತ ತಿಂದ ಕ್ಲೀನರ್ ಹೊಡೆತದ ದೂರನ್ನು ಪೊಲೀಸರಿಗೆ ಕೊಡಬಹುದು, ಬಾಕಿ ಸಂಬಳದ್ದನ್ನು ಕಾರ್ಮಿಕ ಇಲಾಖೆಗೆ ಒಯ್ಯಬಹುದು. ಆರು ತಿಂಗಳು ಬೈಸಿಕೊಂಡದ್ದರ ದೂರಿಗೆ ಮಾತ್ರ ಅವನಿಗೆ ಅಂಥದೊಂದು ಕಚೇರಿಯಿಲ್ಲ.