ಮಾದರಿ ವಿಮಾನಗಳ ಬಣ್ಣಗಾರಿಕೆ ಮತ್ತು ಕೋಲಾರದ ಲಿಬರೇಟರ್

ಅಳತೆಗೆ ತಕ್ಕಂತೆ ಕಿರಿದಾಗಿ ಮಾಡಿದ ವಿಮಾನಕ್ಕೆ ಬಣ್ಣ ಹಚ್ಚಿ, ಅದು ಬಿಸಿಲು, ಹೊಗೆ, ಎಣ್ಣೆ, ಧೂಳಿಗೆ ಸಿಕ್ಕಿ ಹಳತಾದಂತೆ ತೋರಿಸುವುದು ಒಂದು ಕಲೆ. ಇದರ ಎರಡನೆಯ ಹಂತವನ್ನು ಹವ್ಯಾಸಿಗಳು ವೆದರಿಂಗ್ ಎನ್ನುತ್ತಾರೆ. ಕೋಲಾರ ಸೀಮೆ ಈ ಕಲೆಗೆ ಒದಗಿಸಿದ ವಸ್ತು ಎರಡನೆಯ ಮಹಾಯುದ್ಧ ಕಾಲದ್ದು. 1944ರ ನವೆಂಬರ್ 8ರಂದು ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಕೋಲಾರದ ವಿಮಾನನೆಲೆಯಲ್ಲಿ ಹುಟ್ಟಿತು. ಅದಕ್ಕೆ ಸಿಕ್ಕಿದ್ದು ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರ್ ಲಿಬರೇಟರ್. 1945ರ ಆರಂಭದಲ್ಲಿ ಬಂಗಾಳಕ್ಕೆ ಹೋದ ಈ ತುಕಡಿ, ಜಪಾನೀಯರ ಹಿಡಿತದಲ್ಲಿದ್ದ ಆಗ್ನೇಯ ಏಷ್ಯಾದಲ್ಲಿ ಗೂಢಚಾರರನ್ನೂ ಸಾಮಗ್ರಿಯನ್ನೂ ಪ್ಯಾರಾಶೂಟಿನಲ್ಲಿ ಇಳಿಸುತ್ತಿತ್ತು.

ಮಾದರಿಗಳ ಕಥೆ ಅದಕ್ಕೂ ಹಳೆಯದು. 1930ರ ದಶಕದಲ್ಲಿ ಬ್ರಿಟನ್ನಿನ ಸ್ಕೈಬರ್ಡ್ಸ್ ಸಂಸ್ಥೆ ಮರದ ಕಿಟ್‌ಗಳಿಗೆ 1:72 ಅಳತೆಯನ್ನು ರೂಢಿಗೆ ತಂದಿತು. 1936ರಲ್ಲಿ ಫ್ರಾಗ್ ಸಂಸ್ಥೆ ಅದೇ ಅಳತೆಯ ಪ್ಲಾಸ್ಟಿಕ್ ಕಿಟ್ ಹೊರಡಿಸಿತು. ಯುದ್ಧಕಾಲದಲ್ಲಿ ಸೈನಿಕರಿಗೆ ಶತ್ರು ವಿಮಾನ ಗುರುತಿಸಲು ಕಲಿಸುತ್ತಿದ್ದ ಮಾದರಿಗಳಿಗೆ ಬರೀ ಕಪ್ಪು ಬಳಿಯುತ್ತಿದ್ದರು. ಆಕಾರ ಗೊತ್ತಾದರೆ ಸಾಕಿತ್ತು. ಯುದ್ಧದ ನಂತರ ಏರ್‌ಫಿಕ್ಸ್ ಕಿಟ್‌ಗಳು ಹುಡುಗರ ಕೈಗೆ ಬಂದಾಗಲೂ ಡಬ್ಬಿಯ ಬಣ್ಣವನ್ನು ಹಾಗೇ ಹಚ್ಚಿ ಮುಗಿಸುವುದೇ ವಾಡಿಕೆ. ವಿಮಾನ ಹಳತಾಗಿ ಕಾಣಬೇಕೆಂಬ ಹಟ ಬೆಳೆದದ್ದು 1970ರ ದಶಕದಲ್ಲಿ. ಅಮೆರಿಕದ ಶೆಪರ್ಡ್ ಪೇನ್ ಮತ್ತು ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್ ತೆಳು ಎಣ್ಣೆಬಣ್ಣದ ವಾಶ್ ಹಾಗೂ ಒಣಕುಂಚದ ಕೆಲಸವನ್ನು ಜನಪ್ರಿಯಗೊಳಿಸಿದರು. ಈಚೆಗೆ ಸ್ಪೇನ್‌ನ ಕುಶಲಿಗಳು ಇದನ್ನು ಬಣ್ಣದ ಪುಡಿ, ಹೇರ್‌ಸ್ಪ್ರೇ, ಉಪ್ಪಿನ ಹರಳುಗಳವರೆಗೂ ಮುಂದುವರಿಸಿದ್ದಾರೆ. ಕೆಲವೊಮ್ಮೆ ಅತಿಯಾಗಿ ಎಂದೇ ಹೇಳಬೇಕು: ಸ್ಪರ್ಧೆಯ ಮೇಜಿನ ಮೇಲಿನ ಎಷ್ಟೋ ವಿಮಾನಗಳು ಹಾರುವುದಿರಲಿ, ಗುಜರಿಗೂ ಸಲ್ಲುವಂತಿರುವುದಿಲ್ಲ.

ಪ್ರಮಾಣ ತಪ್ಪುವುದೇ ಇದಕ್ಕೆ ಕಾರಣ. 33.5 ಮೀಟರ್ ರೆಕ್ಕೆಹರವಿನ ಲಿಬರೇಟರ್ 1:72ರಲ್ಲಿ ಸುಮಾರು 46.5 ಸೆಂ.ಮೀ. ಆಗುತ್ತದೆ. ಅದರ ಮೇಲೆ 2 ಮಿ.ಮೀ. ಬಣ್ಣ ಕೆತ್ತಿದರೆ ನಿಜವಾದ ವಿಮಾನದಲ್ಲಿ 14 ಸೆಂ.ಮೀ. ಚಕ್ಕೆ ಎದ್ದಂತೆ. ಅರ್ಧ ಮಿ.ಮೀ. ಮರಳ ಕಣ 36 ಮಿ.ಮೀ. ಜಲ್ಲಿಕಲ್ಲಿಗೆ ಸಮ. ದೂರದಿಂದ ನೋಡಿದ ಬಣ್ಣ ಮಸುಕಾಗುವುದರಿಂದ ಮೂಲ ಬಣ್ಣಕ್ಕೆ ತುಸು ಬಿಳಿ ಅಥವಾ ಬೂದು ಬೆರೆಸುವ ಪದ್ಧತಿಯೂ ಇದೆ.

ಕೋಲಾರದ ಲಿಬರೇಟರ್‌ಗೆ ಯುರೋಪಿನ ಕೆಸರಿನ ಪಾಕವಿಧಾನ ಒಗ್ಗದು. ಇಲ್ಲಿಯದು ಒಣ ಸೀಮೆ, ಕೆಂಪು ಮರಳುಮಿಶ್ರಿತ ಮಣ್ಣು. ರೆಕ್ಕೆಯ ಮೇಲ್ಭಾಗದ ಬಣ್ಣ ಬಿಸಿಲಿಗೆ ಸುಣ್ಣದಂತೆ ಬಿಳಿಚಬೇಕು. ಧೂಳು ಚಕ್ರ, ಚಕ್ರದ ಗೂಡು, ಹೊಟ್ಟೆಯ ಭಾಗಗಳಲ್ಲಿ ಕೂರಬೇಕು. ಮಾಲೂರಿನ ಇಟ್ಟಿಗೆಯ ಪುಡಿಯನ್ನು ವಸ್ತ್ರಗಾಳಿತ ಮಾಡಿ ಬಳಸುವ ಆಸೆ ಬರಬಹುದು, ಆದರೆ ಸುಟ್ಟ ಮಣ್ಣಿನಲ್ಲಿ ಕಬ್ಬಿಣದ ಅಂಶ ಇನ್ನಷ್ಟು ಕೆಂಪೇರಿರುತ್ತದೆ; ಹೊಲದ ಮಣ್ಣೇ ಸರಿ. ನೆಲೆಯ ದೃಶ್ಯವನ್ನೂ ಕಟ್ಟುವವರು ಹಿನ್ನೆಲೆಗೆ ಮುಳಬಾಗಿಲಿನ ಹೆಬ್ಬಂಡೆಗಳನ್ನು ಎಳೆತಂದು ನಿಲ್ಲಿಸದಿರುವುದು ಒಳಿತು. ಮುಳಬಾಗಿಲು ಕೋಲಾರದಿಂದ ದೂರ.

ಕಂದು ತುಕ್ಕು ಬಳಿಯುವುದು ಸಾಮಾನ್ಯ ತಪ್ಪು. ವಿಮಾನದ ಮೈ ಅಲ್ಯೂಮಿನಿಯಂ. ಅದು ತುಕ್ಕು ಹಿಡಿಯದೆ ಬಿಳಿಪುಡಿಯಾಗಿ ಸವೆಯುತ್ತದೆ. ತುಕ್ಕು ಸಲ್ಲುವುದು ಉಕ್ಕಿನ ಹೊಗೆಕೊಳವೆ, ಹೊಗೆಯ ಒತ್ತಡದಿಂದ ತಿರುಗುವ ಟರ್ಬೊಗಳಿಗೆ ಮಾತ್ರ. ಲಿಬರೇಟರ್‌ನಲ್ಲಿ ಟರ್ಬೊಗಳು ಎಂಜಿನ್ ಗೂಡಿನ ತಳದಲ್ಲಿರುವುದರಿಂದ ಹೊಗೆಯ ಪಟ್ಟೆ ರೆಕ್ಕೆಯ ಅಡಿಯಲ್ಲಿ ಹರಿಯಬೇಕು. ಸೀಸ ಬೆರೆತ ಪೆಟ್ರೋಲಿನ ಹೊಗೆಗೆ ಬರೀ ಕಪ್ಪು ಸಾಲದು, ಬೂದುಬಿಳಿಯೂ ಬೇಕು. ವಾಯುಪಡೆಯ ವೃತ್ತಚಿಹ್ನೆಯಲ್ಲಿ ಕೆಂಪು ಇರಕೂಡದು: ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಗುಂಡು ಹಾರಿಸುವ ಭಯದಿಂದ ಆಗ್ನೇಯ ಏಷ್ಯಾದ ಯುದ್ಧರಂಗದಲ್ಲಿ ಗಾಢನೀಲಿ, ತಿಳಿನೀಲಿಯನ್ನಷ್ಟೇ ಉಳಿಸಿಕೊಂಡಿದ್ದರು.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಕೆಡಿಸಿ, ಎಂಜಿನ್‌ಗೆ ಮಣ್ಣು ಸುರಿದು ಬಿಟ್ಟುಹೋದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಅವನ್ನು ಹಾರುವಷ್ಟು ಸರಿಪಡಿಸಿ ತಂದು ಪೂರ್ತಿ ದುರಸ್ತಿ ಮಾಡಿತು. 1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಆರಂಭವಾಯಿತು. ಕೊನೆಯವು 1968ರವರೆಗೆ ದುಡಿದವು. ಬಣ್ಣಗಾರನಿಗೆ ಈ ರೂಪ ಇನ್ನಷ್ಟು ಸೊಗಸು: ಬಣ್ಣವಿಲ್ಲದ ಲೋಹದ ಮೈ, ರಿಪೇರಿಯ ಹೊಸ ತಗಡು ಬೆಳ್ಳಗೆ, ಹಳೆಯದು ಮಂಕು. ಒಂದೇ ಬೆಳ್ಳಿಬಣ್ಣ ಸಿಂಪಡಿಸದೆ ತಗಡಿನಿಂದ ತಗಡಿಗೆ ಛಾಯೆ ಬದಲಿಸಬೇಕು.

ಇಂಥದೊಂದು ವಿಮಾನ 1974ರಲ್ಲಿ ಬ್ರಿಟನ್ನಿಗೆ ಹಾರಿಹೋಗಿ ಆರ್‌ಎಎಫ್ ಮ್ಯೂಸಿಯಂ ಸೇರಿತು. ಆದರೆ ತೊಳೆದು ಒರೆಸಿಟ್ಟ ವಿಮಾನ ದುಡಿಯುವಾಗ ಹೇಗಿತ್ತೆಂದು ಹೇಳದು. ಯುದ್ಧಕಾಲದ ಛಾಯಾಚಿತ್ರಗಳೇ ಮೇಲು, ಅವನ್ನೂ ಜೋಕೆಯಿಂದ ನೋಡಬೇಕು: ಕೆಂಪಿಗೆ ಸ್ಪಂದಿಸದ ಆ ಕಾಲದ ಕೆಲವು ಫಿಲ್ಮುಗಳಲ್ಲಿ ಕೆಂಪು ಧೂಳು ಎಣ್ಣೆಕೊಳೆಯಷ್ಟೇ ಕಪ್ಪಗೆ ಮೂಡುತ್ತದೆ.